ದಿನಕ್ಕೆ ಎರಡು ಬಸ್ ಓಡುವ ರಸ್ತೆ: ಹಾಸನ, ಚಿಕ್ಕಮಗಳೂರಿನ ಹಳ್ಳಿದಾರಿಗಳಲ್ಲಿ ಗಲಾಟೆಯಿಲ್ಲದೆ ಸೈಕಲ್ ಓಡಿಸಲು ಸಮಗ್ರ ಮಾರ್ಗದರ್ಶಿ

ಹಾಸನ, ಚಿಕ್ಕಮಗಳೂರು ಸುತ್ತ ಆರಾಮಾಗಿ ಸೈಕಲ್ ಓಡಿಸೋಣ ಅಂತ ಹೊರಡುವವರಲ್ಲಿ ಬಹಳ ಜನ ಒಂದೇ ಥರ ಸೋಲುತ್ತಾರೆ. ಒಂದೋ ಎನ್‌ಎಚ್ 75ರಲ್ಲಿ ಮಂಗಳೂರು ಲಾರಿಗಳ ಪಕ್ಕ ಜೀವ ಕೈಲಿ ಹಿಡಿದು ಹೋಗಿ ವಾಪಸ್ ಬರುತ್ತಾರೆ. ಇಲ್ಲಾ ಫೋನ್ ತೋರಿಸಿದ ಒಳದಾರಿ ನಂಬಿ, ಜಲ್ಲಿ ಮೇಲೆ ಸೈಕಲ್ ತಳ್ಳಿಕೊಂಡು ಹೋಗುತ್ತಾರೆ. ಅದೂ ಅಲ್ಲದಿದ್ದರೆ ಭಾನುವಾರ ಹತ್ತು ಗಂಟೆಗೆ ಮುಳ್ಳಯ್ಯನಗಿರಿ ದಾರಿಯಲ್ಲಿ ಟೂರಿಸ್ಟ್ ಕಾರುಗಳ ಹೊಗೆ ಕುಡಿಯುತ್ತಾರೆ. ಆಮೇಲೆ ಇಲ್ಲಿ ಸೈಕಲ್ಲಿಗೆ ರಸ್ತೆಯೇ ಇಲ್ಲ ಅನ್ನುತ್ತಾರೆ.

ರಸ್ತೆ ಬೇಕಾದಷ್ಟಿದೆ. ಹುಡುಕುವ ಕ್ರಮ ಗೊತ್ತಿರಬೇಕು ಅಷ್ಟೇ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬಹಳ ಜನ ಸೈಕಲ್ ಖರೀದಿಯಿಂದ ಶುರು ಮಾಡುತ್ತಾರೆ, ಅದು ಇಲ್ಲಿ ನಾಲ್ಕನೇ ಹಂತ. ಮೊದಲು ದಾರಿ, ಆಮೇಲೆ ಹೊತ್ತು, ಆಮೇಲೆ ಸೈಕಲ್.

## ಹಂತ 1: ಯಾವ ಕಡೆ ಹೋಗಬೇಕು ಅಂತ ತೀರ್ಮಾನಿಸಿ

ಈ ಎರಡು ಜಿಲ್ಲೆಯನ್ನು ಸೈಕಲ್ ಲೆಕ್ಕದಲ್ಲಿ ಮೂರು ಪಟ್ಟಿಯಾಗಿ ನೋಡಿ. ಪೂರ್ವಕ್ಕೆ ಅರಸೀಕೆರೆ, ಬಾಣಾವರ, ಕಡೂರು ಕಡೆಯ ಬಯಲು. ಪಶ್ಚಿಮಕ್ಕೆ ಆಲೂರಿನ ಆಚೆ, ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆಯ ಕಾಫಿ ತೋಟ. ನಡುವೆ ಹಾಸನ, ದುದ್ದ, ಹಳೇಬೀಡು, ಬೆಳವಾಡಿ, ಚಿಕ್ಕಮಗಳೂರಿನ ಪೂರ್ವ ಭಾಗ. ಏರು, ತಗ್ಗು, ಒಂದು ಕೆರೆ, ಮತ್ತೆ ಏರು. ಹಾಸನ, ಬೇಲೂರು ಎರಡೂ ಸುಮಾರು 950ರಿಂದ 1,000 ಮೀಟರ್ ಎತ್ತರದಲ್ಲಿವೆ, ಚಿಕ್ಕಮಗಳೂರು ಸುಮಾರು 1,090 ಮೀಟರ್. ಹಾಗಾಗಿ ಬಿಸಿಲು ಕೂಡ ಬಯಲುಸೀಮೆಯಷ್ಟು ಹೊಡೆಯುವುದಿಲ್ಲ.

ಮೊದಲ ಕೆಲವು ಸಲ ಈ ನಡುವಿನ ಪಟ್ಟಿಯಲ್ಲೇ ಇರಿ. ತೋಟದ ರಸ್ತೆಗಳು ನೋಡಲು ಚೆಂದ, ನಿಜ. ಆದರೆ ಅಲ್ಲಿ ಏರು ಕಡಿದು, ತಿರುವು ಜಾಸ್ತಿ, ರಸ್ತೆ ಕಿರಿದು, ಎದುರಿಗೆ ಬರುವ ಜೀಪ್ ಕಾಣುವುದು ಹತ್ತು ಮಾರು ದೂರಕ್ಕೆ ಬಂದ ಮೇಲೆ. ಜೊತೆಗೆ ಆನೆ. ಅದರ ಬಗ್ಗೆ ಮುಂದೆ ವಿವರವಾಗಿ ಬರೆದಿದ್ದೇನೆ.

## ಹಂತ 2: ಮನೆಯಲ್ಲೇ ಕೂತು ದಾರಿ ಎಳೆಯಿರಿ

ಇದಕ್ಕೆ ಒಂದು ಸಂಜೆ ಪೂರ್ತಿ ಕೊಡಿ. ಜನ ಐದು ನಿಮಿಷ ಕೊಡುತ್ತಾರೆ, ಅಲ್ಲೇ ಕೆಲಸ ಕೆಡುವುದು.

ನಮಗೆ ಬೇಕಾದ ರಸ್ತೆ ಯಾವುದು ಗೊತ್ತಾ? ದಿನಕ್ಕೆ ಎರಡೋ ಮೂರೋ ಸಲ ಸರ್ಕಾರಿ ಬಸ್ ಓಡಾಡುವ ರಸ್ತೆ. ಗಂಟೆಗೆ ನಾಲ್ಕು ಬಸ್ ಇದ್ದರೆ ಅಲ್ಲಿ ಕಾರು, ಲಾರಿ, ಆಟೋ ಎಲ್ಲ ಇರುತ್ತದೆ. ಬಸ್ಸೇ ಇಲ್ಲ ಅಂದರೆ ಒಂದೋ ಡಾಂಬರು ಕಿತ್ತು ಹೋಗಿರುತ್ತದೆ, ಇಲ್ಲಾ ಮುಂದೆ ಎಲ್ಲೋ ಹೊಲದಲ್ಲಿ ನಿಂತು ಹೋಗುತ್ತದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು ನೈಟ್ ಹಾಲ್ಟ್, ಇಷ್ಟು ಬಸ್ ಇರುವ ಊರಿನ ರಸ್ತೆ ಬಸ್ ಹೋಗುವಷ್ಟು ಚೆನ್ನಾಗಿರುತ್ತದೆ, ಉಳಿದ ಹೊತ್ತು ಖಾಲಿ ಇರುತ್ತದೆ. ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿ ಕೇಳಿದರೆ ಹೇಳುತ್ತಾರೆ, ಕಂಡಕ್ಟರ್‌ಗಳಿಗಂತೂ ಯಾವ ರಸ್ತೆಯಲ್ಲಿ ಎಷ್ಟು ಗುಂಡಿ ಅನ್ನುವುದೂ ಬಾಯಿಪಾಠ.

ಈಗ ಮ್ಯಾಪ್ ಕೆಲಸ. ಹೀಗೆ ಮಾಡಿ:

1. ಮೊದಲು ಹೆದ್ದಾರಿಗಳನ್ನು ಗುರುತಿಸಿ ಪಕ್ಕಕ್ಕಿಡಿ. ಎನ್‌ಎಚ್ 75 (ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ), ಚಾರ್ಮಾಡಿ ಕಡೆ ಹೋಗುವ ಎನ್‌ಎಚ್ 73, ಮೂಡಿಗೆರೆಯಿಂದ ಚಿಕ್ಕಮಗಳೂರು ಮೇಲೆ ಕಡೂರಿಗೆ ಹೋಗುವ ಎನ್‌ಎಚ್ 173. ಇವನ್ನು ಅಡ್ಡ ದಾಟಬಹುದು, ಇವುಗಳ ಮೇಲೆ ಓಡಿಸಬಾರದು.

2. ಎರಡು ದೊಡ್ಡ ರಸ್ತೆಗಳ ನಡುವಿನ ಖಾಲಿ ಜಾಗ ನೋಡಿ. ಅಲ್ಲಿ ಬಲೆಯ ಹಾಗೆ ಸಣ್ಣ ಗೆರೆಗಳು ಕಾಣುತ್ತವೆ. ಆ ಗೆರೆಗಳಲ್ಲಿ ಊರಿನಿಂದ ಊರಿಗೆ ಹೋಗುವುದನ್ನು ಆರಿಸಿ. ಊರಿನಿಂದ ತೋಟಕ್ಕೋ ಕೆರೆಗೋ ಹೋಗಿ ಮುಗಿಯುವುದನ್ನು ಬಿಡಿ.

3. ಉಪಗ್ರಹ ಚಿತ್ರ ಹಾಕಿ ಜೂಮ್ ಮಾಡಿ. ಬೂದು ಅಥವಾ ಕಪ್ಪು ಗೆರೆ ಡಾಂಬರು, ಬಿಳಿ ಗೆರೆ ಕಾಂಕ್ರೀಟ್, ಕೆಂಪು ಅಥವಾ ಕಂದು ಮಣ್ಣು. ಮರದ ನೆರಳಿರುವ ಕಡೆ ಈ ಉಪಾಯ ನಡೆಯುವುದಿಲ್ಲ, ಅದಕ್ಕೇ ತೋಟದ ಕಡೆ ಮೋಸ ಹೋಗುವುದು ಸುಲಭ.

4. ಸಾಧ್ಯವಾದ ಕಡೆ ರಸ್ತೆಬದಿಯ ಫೋಟೋ ತೆರೆದು ನೋಡಿ. ಫೋಟೋ ಯಾವ ವರ್ಷದ್ದು ಅನ್ನುವುದನ್ನೂ ನೋಡಿ. ಐದಾರು ವರ್ಷ ಹಳೆಯ ಚಿತ್ರದ ನುಣುಪು ಡಾಂಬರನ್ನು ನಂಬಬೇಡಿ.

5. ಗೆರೆ ಎಳೆದ ಮೇಲೆ ಒಟ್ಟು ಏರಿಕೆ ಎಷ್ಟು ಮೀಟರ್ ಅಂತ ನೋಡಿ. ರೈಡ್ ವಿತ್ ಜಿಪಿಎಸ್, ಕೋಮೂಟ್, ಸ್ಟ್ರಾವಾ ಥರದ ಸೈಕಲ್ ದಾರಿ ಎಳೆಯುವ ಆ್ಯಪ್‌ಗಳಲ್ಲೆಲ್ಲ ಬರುತ್ತದೆ. 10 ಕಿಲೋಮೀಟರಿಗೆ 100 ಮೀಟರ್ ಏರಿಕೆ ಅಂದರೆ ಹಿತವಾದ ಏರು ತಗ್ಗು. 150 ದಾಟಿದರೆ ಹೊಸಬರಿಗೆ ಕಷ್ಟ.

6. ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಕೆರೆಯ ತಗ್ಗಿಗೆ ಇಳಿದ ತಕ್ಷಣ ಸಿಗ್ನಲ್ ಹೋಗುವ ಊರುಗಳು ಎಷ್ಟೋ ಇವೆ.

ಇಲ್ಲಿ ಆಗುವ ದೊಡ್ಡ ತಪ್ಪು: ಫೋನಿಗೆ ಎರಡು ಊರಿನ ಹೆಸರು ಕೊಟ್ಟು, ಅದು ತೋರಿಸಿದ ದಾರಿಯನ್ನೇ ಹಿಡಿಯುವುದು. ಕಾರಿನ ದಾರಿ ಕೇಳಿದರೆ ಅದು ಹೆದ್ದಾರಿಗೆ ಎಳೆಯುತ್ತದೆ. ನಡೆಯುವ ದಾರಿ ಕೇಳಿದರೆ ಕಾಲುವೆ ಏರಿಯ ಮೇಲೆ ಹತ್ತಿಸುತ್ತದೆ. ಹೇಮಾವತಿ, ಯಗಚಿ ಕಾಲುವೆಗಳ ಪಕ್ಕದ ದಾರಿ ಮ್ಯಾಪಿನಲ್ಲಿ ನೇರವಾಗಿ, ಮಟ್ಟಸವಾಗಿ ಕಾಣುತ್ತದೆ. ಅಲ್ಲಿ ಹೋದರೆ ಕೆಂಪು ಮಣ್ಣು, ಟ್ರ್ಯಾಕ್ಟರ್ ಚಕ್ರದ ಹಳ್ಳ. ಮಳೆ ಬಿದ್ದ ಮರುದಿನವಂತೂ ಚಕ್ರಕ್ಕೂ ಬ್ರೇಕಿಗೂ ನಡುವೆ ಮಣ್ಣು ಮೆತ್ತಿಕೊಂಡು ಸೈಕಲ್ ಹೊತ್ತುಕೊಂಡು ಬರಬೇಕು.

ದಾರಿಯಲ್ಲಿದ್ದಾಗ ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹಳದಿ ಅಂದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ರಾಜ್ಯ ಹೆದ್ದಾರಿ, ಕಿತ್ತಳೆ ಬಣ್ಣ ಗ್ರಾಮ ಸಡಕ್ ಯೋಜನೆಯ ಹಳ್ಳಿ ರಸ್ತೆ. ಕಿತ್ತಳೆ ಕಲ್ಲು ಕಂಡರೆ ಸರಿಯಾದ ದಾರಿಯಲ್ಲಿದ್ದೀರಿ. ಆ ರಸ್ತೆಗಳ ಶುರುವಿನಲ್ಲಿ ಒಂದು ಬೋರ್ಡ್ ಇರುತ್ತದೆ. ಉದ್ದ ಎಷ್ಟು, ಕೆಲಸ ಮುಗಿದದ್ದು ಯಾವಾಗ ಅಂತ ಬರೆದಿರುತ್ತಾರೆ. ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆ ಮಾಡಬೇಕು ಅನ್ನುವುದು ಆ ಯೋಜನೆಯ ಷರತ್ತು. ಹಾಗಾಗಿ ಮುಗಿದ ತಾರೀಖು ಐದು ವರ್ಷದ ಒಳಗಿದ್ದರೆ ಧೈರ್ಯವಾಗಿ ನುಗ್ಗಿ. ಹತ್ತು ವರ್ಷ ಹಿಂದಿನದಾಗಿದ್ದರೆ ಯಾರನ್ನಾದರೂ ಕೇಳಿ ಮುಂದೆ ಹೋಗಿ.

## ಹಂತ 3: ದಿನ ಮತ್ತು ಹೊತ್ತು

ಒಂದೇ ರಸ್ತೆ ಮಂಗಳವಾರ ಖಾಲಿ, ಶನಿವಾರ ಜಾತ್ರೆ. ಬೆಂಗಳೂರಿನ ಕಾರುಗಳು ಶುಕ್ರವಾರ ರಾತ್ರಿಯಿಂದ ಶನಿವಾರ ಬೆಳಗಿನವರೆಗೆ ಪಶ್ಚಿಮಕ್ಕೆ ಬರುತ್ತವೆ, ಭಾನುವಾರ ಮಧ್ಯಾಹ್ನದ ಮೇಲೆ ವಾಪಸ್ ಹೋಗುತ್ತವೆ. ವಾರಾಂತ್ಯವೇ ಬೇಕು ಅನ್ನುವವರು ಭಾನುವಾರ ಬೆಳಿಗ್ಗೆ ಹೋಗಿ. ಬಂದವರು ಹೋಮ್‌ಸ್ಟೇಯಲ್ಲಿ ಮಲಗಿರುತ್ತಾರೆ, ಶಾಲೆಗೂ ರಜ.

ಕೆಲಸದ ದಿನದ ಬೆಳಿಗ್ಗೆ ಹಳ್ಳಿ ರಸ್ತೆಗೂ ಒಂದು ವೇಳಾಪಟ್ಟಿ ಇದೆ. ಆರೂವರೆಯಿಂದ ಏಳೂವರೆ ಡೈರಿ ಹೊತ್ತು. ಹಾಲಿನ ವ್ಯಾನು, ಕ್ಯಾನ್ ನೇತುಹಾಕಿಕೊಂಡ ಬೈಕುಗಳು. ಎಂಟರಿಂದ ಒಂಬತ್ತು ಶಾಲೆ ಬಸ್ಸು. ತೋಟದ ಕಡೆ, ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಕಾಫಿ ಕುಯ್ಲಿನ ಕಾಲದಲ್ಲಿ, ಆಳುಗಳನ್ನು ತುಂಬಿಕೊಂಡ ಜೀಪು ಪಿಕಪ್‌ಗಳು ಅದೇ ಹೊತ್ತಿಗೆ ಓಡುತ್ತವೆ. ಒಂಬತ್ತೂವರೆಯಿಂದ ಹನ್ನೆರಡು ನಿಜವಾಗಿ ಖಾಲಿ. "ಬೆಳಗಿನ ಜಾವ ಬಿಟ್ಟರೆ ಸೈಕಲ್ ಇಲ್ಲ" ಅನ್ನುವ ಮಾತು ಬೆಂಗಳೂರಿನದು. ಇಲ್ಲಿ ಚಳಿಗಾಲದಲ್ಲಿ ಒಂಬತ್ತಕ್ಕೆ ಹೊರಟರೂ ಏನೂ ನಷ್ಟವಿಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದೇ ಆರೂ ನಲವತ್ತರ ಹೊತ್ತಿಗೆ, ಕೆರೆ ಬಯಲಿನ ಮಂಜು ಕರಗಲು ಎಂಟಾಗುತ್ತದೆ. ಮಂಜಿನಲ್ಲಿ ಸೈಕಲ್ ಯಾರಿಗೂ ಕಾಣುವುದಿಲ್ಲ.

ತಪ್ಪಿಸಬೇಕಾದ ದಿನಗಳು ಇವು. ಹಾಸನಾಂಬೆ ಬಾಗಿಲು ತೆರೆದಿರುವ ದಿನಗಳಲ್ಲಿ, ಅಂದರೆ ದೀಪಾವಳಿ ಆಸುಪಾಸು, ಹಾಸನಕ್ಕೆ ಬರುವ ಎಲ್ಲ ರಸ್ತೆಯೂ ತುಂಬಿರುತ್ತದೆ. ದೀಪಾವಳಿಗೆ ಬಿಂಡಿಗದ ದೇವೀರಮ್ಮನ ಬೆಟ್ಟದ ಕಡೆ, ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ಹೊತ್ತಿಗೆ ಚಿಕ್ಕಮಗಳೂರು ಕಡೆ ಹೋಗಬೇಡಿ. ಹೋಗುವ ಹೋಬಳಿಯ ಸಂತೆ ಯಾವ ವಾರ ಅಂತಲೂ ಕೇಳಿಕೊಳ್ಳಿ.

ಗಾಳಿಯ ಲೆಕ್ಕ ಬಹಳ ಜನ ಹಾಕುವುದೇ ಇಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಬಯಲಿನಲ್ಲಿ ಜೋರಾಗಿಯೇ ಬೀಸುತ್ತದೆ. ಹಾಸನದಿಂದ ಅರಸೀಕೆರೆ ಕಡೆಗೆ ಹೊರಟವರು ಆಹಾ ನಾನು ಎಷ್ಟು ಜೋರು ಅಂದುಕೊಂಡು ಹೋಗಿ, ಬರುವಾಗ ಎದುರುಗಾಳಿಗೆ ಸಿಕ್ಕಿ ಇಳಿಜಾರಿನಲ್ಲೂ ಪೆಡಲ್ ತುಳಿಯುತ್ತಾರೆ. ಮಳೆಗಾಲದಲ್ಲಿ ಹೋಗುವಾಗ ಪಶ್ಚಿಮಕ್ಕೆ ಮುಖ ಮಾಡಿ, ಬರುವಾಗ ಗಾಳಿ ಬೆನ್ನಿಗಿರಲಿ.

ಒಟ್ಟಾರೆ ಒಳ್ಳೆಯ ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ಹೂ ಬಿಟ್ಟ ವಾರ ತೋಟದ ಕಡೆ ಹೋದರೆ ಪರಿಮಳಕ್ಕೇ ಹೋಗಬೇಕು, ಆದರೆ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಇರುತ್ತದೆ, ಎರಡು ಗಂಟೆಯೊಳಗೆ ಮನೆ ಸೇರಿ.

## ಹಂತ 4: ಸೈಕಲ್ ಮತ್ತು ಸಾಮಾನು

ಯಾವ ಸೈಕಲ್ ಅನ್ನುವುದಕ್ಕಿಂತ ಯಾವ ಟೈರ್ ಅನ್ನುವುದು ಮುಖ್ಯ. ತೆಳ್ಳಗಿನ 23, 25 ಎಂಎಂ ಟೈರ್ ಹೆದ್ದಾರಿಗೆ ಸರಿ. ಹಳ್ಳಿ ಡಾಂಬರಿಗೆ 32ರಿಂದ 40 ಎಂಎಂ ಬೇಕು. ಹೈಬ್ರಿಡ್ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಅದೇ ಇರುತ್ತದೆ. ಎಂಟಿಬಿ (ದಪ್ಪ ಟೈರಿನ ಬೆಟ್ಟದ ಸೈಕಲ್) ಇದ್ದರೆ ಅದೇ ಸಾಕು, ಹಲ್ಲು ಕಡಿಮೆಯಿರುವ ಟೈರ್ ಹಾಕಿಸಿ.

ಗಾಳಿ ತುಂಬುವುದರಲ್ಲಿ ಎಲ್ಲರೂ ತಪ್ಪುತ್ತಾರೆ. ಕಲ್ಲಿನ ಹಾಗೆ ಗಟ್ಟಿ ತುಂಬಿದರೆ ವೇಗ ಹೆಚ್ಚುವುದಿಲ್ಲ, ಬೆನ್ನು ನೋಯುತ್ತದೆ. 70 ಕೆಜಿ ಆಸುಪಾಸಿನವರಿಗೆ 32 ಎಂಎಂ ಟೈರಿಗೆ 55ರಿಂದ 65 ಪಿಎಸ್ಐ, 38 ಎಂಎಂಗೆ 40ರಿಂದ 50 ಸಾಕು. ಹಿಂದಿನ ಚಕ್ರಕ್ಕೆ ಸ್ವಲ್ಪ ಜಾಸ್ತಿ. ಟೈರಿನ ಪಕ್ಕದಲ್ಲಿ ಬರೆದಿರುವ ಮಿತಿ ದಾಟಬೇಡಿ.

ಚೀಲದಲ್ಲಿ ಇರಲೇಬೇಕಾದದ್ದು: ನಿಮ್ಮ ಅಳತೆಯ ಎರಡು ಟ್ಯೂಬ್, ಪಂಕ್ಚರ್ ಪ್ಯಾಚ್, ಎರಡು ಟೈರ್ ಲಿವರ್, ಕೈಪಂಪು, 4, 5, 6 ಎಂಎಂ ಅಲೆನ್ ಕೀ, ಚೈನಿನ ಒಂದು ಜೋಡಿ ಕೊಂಡಿ, ಇನ್ಸುಲೇಷನ್ ಟೇಪು. ನಿಮ್ಮ ಟ್ಯೂಬಿನ ವಾಲ್ವ್ ತೆಳ್ಳಗಿನ ಪ್ರೆಸ್ಟಾ ಆಗಿದ್ದರೆ ಹಿತ್ತಾಳೆಯ ಅಡಾಪ್ಟರ್ ಒಂದು ಇಟ್ಟುಕೊಳ್ಳಿ. ಅದಿಲ್ಲದೆ ಪೆಟ್ರೋಲ್ ಬಂಕಿನ ಗಾಳಿಯೂ, ಹಳ್ಳಿ ಪಂಕ್ಚರ್ ಅಂಗಡಿಯ ಗಾಳಿಯೂ ಒಳಗೆ ಹೋಗುವುದಿಲ್ಲ. ಹಳ್ಳಿ ಅಂಗಡಿಯವರು ಪ್ಯಾಚ್ ಹಾಕುವುದರಲ್ಲಿ ನಮ್ಮನ್ನೆಲ್ಲ ಮೀರಿಸುತ್ತಾರೆ, ಆದರೆ ಹೈಬ್ರಿಡ್ ಸೈಕಲ್ಲಿನ 700ಸಿ ಅಳತೆಯ ಟ್ಯೂಬ್ ಅಲ್ಲಿ ಸಿಗುವುದಿಲ್ಲ.

ಟ್ಯೂಬ್ ಬದಲಿಸುವುದನ್ನು ಮನೆಯಲ್ಲಿ ಮೊದಲೇ ಮಾಡಿ ನೋಡಿ. ಹಿಂದಿನ ಚಕ್ರ, ಗೇರ್ ಇರುವುದು, ಅದನ್ನೇ ಬಿಚ್ಚಿ ಹಾಕಿ. ಅರಸೀಕೆರೆ ಕಡೆ ಜಾಲಿ ಮುಳ್ಳು ಜಾಸ್ತಿ. ಹಳೇ ಟ್ಯೂಬ್ ತೆಗೆದ ಮೇಲೆ ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಹುಡುಕದೆ ಹೊಸ ಟ್ಯೂಬ್ ಹಾಕಿದರೆ ಅದೂ ಹತ್ತು ನಿಮಿಷಕ್ಕೆ ಹೋಗುತ್ತದೆ.

ಹೆಲ್ಮೆಟ್, ಹಿಂದಿನ ಕೆಂಪು ದೀಪ. ಹಗಲಲ್ಲೂ ದೀಪ ಹಾಕಿ, ಸಾಲುಮರದ ನೆರಳಿನಲ್ಲಿ ಅದೇ ಕಾಣುವುದು. ಬೆಲ್ ಬೇಕೇ ಬೇಕು.

## ಹಂತ 5: ಊರಿನಿಂದ ಹೊರಬೀಳುವುದು

ಹಾಸನ ಊರೊಳಗಿಂದ ಸೈಕಲ್ ಹತ್ತಿ ಹೊರಟರೆ ಮೊದಲ ಆರೇಳು ಕಿಲೋಮೀಟರಿನಲ್ಲೇ ಅರ್ಧ ಉತ್ಸಾಹ ಇಳಿದು ಹೋಗುತ್ತದೆ. ಕಾರಿದ್ದರೆ ಸೈಕಲನ್ನು ಅದರಲ್ಲಿ ಹಾಕಿಕೊಂಡು ಶುರುವಿನ ಜಾಗಕ್ಕೆ ಹೋಗಿ. ಕಾರಿಲ್ಲದಿದ್ದರೆ ಊರಿನ ಅಂಚಿನಿಂದ ಮೊದಲ ಎಡ ಅಥವಾ ಬಲ ತಿರುವು ಎಷ್ಟು ಬೇಗ ಸಿಗುತ್ತದೆ ಅನ್ನುವುದನ್ನು ನೋಡಿ ದಿಕ್ಕು ಆರಿಸಿ.

ನಮ್ಮ ಕಡೆ ಮುಖ್ಯರಸ್ತೆಯಿಂದ ಊರಿಗೆ ಒಡೆಯುವ ಜಾಗಕ್ಕೆ ಗೇಟ್ ಅನ್ನುತ್ತಾರೆ, ಕೋರವಂಗಲ ಗೇಟ್ ಇದ್ದ ಹಾಗೆ. ಮೂಡಿಗೆರೆ ಕಡೆ ಹ್ಯಾಂಡ್‌ಪೋಸ್ಟ್. ನಿಮ್ಮ ದಾರಿಯಲ್ಲಿ ಗೇಟ್‌ಗಳು ಸಾಲಾಗಿ ಬರುತ್ತಿದ್ದರೆ ನೀವಿನ್ನೂ ಮುಖ್ಯರಸ್ತೆಯಲ್ಲೇ ಇದ್ದೀರಿ. ಗೇಟಿನಿಂದ ಒಳಗೆ ತಿರುಗಿ.

ಇಲ್ಲೇ ನೋಡಿಕೊಳ್ಳಬೇಕಾದ ಎರಡು ಎಚ್ಚರಿಕೆ ಗುರುತುಗಳಿವೆ. ರಸ್ತೆಯ ಎರಡೂ ಅಂಚು ಮುರಿದು, ಪಕ್ಕದ ಗಿಡಗಳ ಮೇಲೆ ಬೂದು ಧೂಳು ಕೂತಿದ್ದರೆ ಮುಂದೆ ಜಲ್ಲಿ ಕ್ರಷರ್ ಇದೆ. ಟಿಪ್ಪರ್‌ಗಳು ಬಂದೇ ಬರುತ್ತವೆ, ಬೇರೆ ದಾರಿ ನೋಡಿ. ಎರಡನೆಯದು, ತಿರುವಿನಲ್ಲಿ ಹೋಮ್‌ಸ್ಟೇ ಬೋರ್ಡುಗಳ ಗೊಂಚಲು. ಒಂದೆರಡಿದ್ದರೆ ಪರವಾಗಿಲ್ಲ. ಕಂಬದ ತುಂಬಾ ಬಾಣದ ಗುರುತಿದ್ದರೆ ಶನಿವಾರ ಆ ರಸ್ತೆ ನಿಮ್ಮದಲ್ಲ.

## ಹಂತ 6: ಏರು ತಗ್ಗಿನಲ್ಲಿ ಓಡಿಸುವುದು

ಒಂದೇ ಸಮನೆ ಬೆಟ್ಟ ಹತ್ತುವುದು ಬೇರೆ, ಈ ದಿಣ್ಣೆಗಳು ಬೇರೆ. ಇಲ್ಲಿ ಏರು ಚಿಕ್ಕದು, ಆದರೆ ಮುಗಿಯುವುದೇ ಇಲ್ಲ. ಮೊದಲ ಐದಾರು ದಿಣ್ಣೆಯನ್ನು ಎದ್ದು ನಿಂತು ಜೋರಾಗಿ ತುಳಿದವರು ಮೂವತ್ತನೇ ಕಿಲೋಮೀಟರಿನಲ್ಲಿ ಎಲ್ಲೋ ಅರಳಿಕಟ್ಟೆ ಮೇಲೆ ಮಲಗಿರುತ್ತಾರೆ.

ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ಕಾಲಿಗೆ ಭಾರ ಬಿದ್ದ ಮೇಲೆ ಇಳಿಸಿದರೆ ಚೈನ್ ಕಟಕಟ ಅಂದು ಬೀಳುತ್ತದೆ, ಕೆಲವು ಸಲ ತುಂಡಾಗುತ್ತದೆ. ಏರುವಾಗ ಪಕ್ಕದವರ ಜೊತೆ ಒಂದು ವಾಕ್ಯ ಪೂರ್ತಿ ಮಾತಾಡಲು ಆಗಬೇಕು, ಆಗದಿದ್ದರೆ ಇನ್ನೂ ಒಂದು ಗೇರ್ ಇಳಿಸಿ. ಇಳಿಯುವಾಗ ತಗ್ಗಿನ ಕೊನೆಯವರೆಗೆ ಬ್ರೇಕ್ ಹಿಡಿದುಕೊಂಡೇ ಹೋದರೆ ಮುಂದಿನ ಏರಿಗೆ ಸಿಗಬೇಕಾದ ಓಟ ಹೋಗುತ್ತದೆ. ಆದರೆ ತಗ್ಗಿನಲ್ಲಿ ಸಾಮಾನ್ಯವಾಗಿ ಇರುವುದು ಮೋರಿ, ಇಲ್ಲಾ ಕೆರೆ ಕೋಡಿ. ಅಲ್ಲೇ ಡಾಂಬರು ಕಿತ್ತಿರುತ್ತದೆ, ಅಲ್ಲೇ ಮರಳು ಸೇರಿರುತ್ತದೆ. ಕಣ್ಣಿಗೆ ತಗ್ಗಿನ ತಳ ಸ್ಪಷ್ಟವಾಗಿ ಕಂಡರೆ ಮಾತ್ರ ಬಿಟ್ಟುಕೊಡಿ. ಮುಂದೆ ಊರಿದ್ದರೆ ಬಣ್ಣವಿಲ್ಲದ ಹಂಪ್ ಇದ್ದೇ ಇರುತ್ತದೆ.

ಹೊತ್ತಿನ ಅಂದಾಜು: ಮಟ್ಟಸ ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ಓಡಿಸುವವರು ಇಲ್ಲಿ 15 ಅಂತ ಲೆಕ್ಕ ಹಾಕಿ. 45 ಕಿಲೋಮೀಟರಿಗೆ ಓಡಿಸುವ ಹೊತ್ತು ಮೂರು ಗಂಟೆ, ನಿಲ್ಲುವುದು, ಕಾಫಿ, ದಾರಿ ಕೇಳುವುದು ಸೇರಿ ನಾಲ್ಕೂವರೆ.

## ಹಂತ 7: ದಾರಿ ಕೇಳುವುದು, ನೀರು, ತಿಂಡಿ

ಹಳ್ಳಿಯಲ್ಲಿ ದಾರಿ ಕೇಳುವುದಕ್ಕೂ ಒಂದು ಕ್ರಮವಿದೆ. "ಅಣ್ಣಾ, ಈ ಕಡೆ ದಾರಿ ಇದೆಯಾ?" ಅಂದರೆ ಇದೆ ಅನ್ನುತ್ತಾರೆ. ಎತ್ತಿನ ಗಾಡಿಗೂ ದಾರಿ ಇದೆ ತಾನೇ. "ಡಾಂಬರು ಆ ಊರಿನವರೆಗೂ ಇದೆಯಾ? ಬಸ್ ಹೋಗುತ್ತಾ?" ಅಂತ ಕೇಳಿ. ಬಸ್ ಇಲ್ಲ, ಬೈಕ್ ಹೋಗುತ್ತೆ ಅಂದರೆ ಜಲ್ಲಿ ಅಂತ ತಿಳಿಯಿರಿ. ದೂರ ಕೇಳಬೇಡಿ. "ಇಲ್ಲೇ ಹತ್ರ ಯಜಮಾನ್ರೇ" ಅನ್ನುವುದು ಎರಡು ಕಿಲೋಮೀಟರೂ ಆಗಬಹುದು, ಒಂಬತ್ತೂ ಆಗಬಹುದು. ಅಂಗಡಿ ಕಟ್ಟೆ ಮೇಲೆ ಕೂತ ಅಜ್ಜಂದಿರಿಗಿಂತ ಹಾಲಿನ ಬೈಕಿನವರನ್ನು ಕೇಳಿದರೆ ರಸ್ತೆಯ ಈ ವಾರದ ಸ್ಥಿತಿ ಸರಿಯಾಗಿ ಸಿಗುತ್ತದೆ.

ನೀರು ಎರಡು ಬಾಟಲಿ ಇರಲಿ. ಬಹಳಷ್ಟು ಪಂಚಾಯಿತಿ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ, ನಾಣ್ಯ ಹಾಕಿದರೆ ನೀರು ಬರುತ್ತದೆ. ಒಂದು ಕ್ಯಾನಿನಷ್ಟು ಬರುವುದರಿಂದ, ಕೊಡ ಹಿಡಿದು ನಿಂತವರ ಹತ್ತಿರ "ಅಕ್ಕಾ, ಒಂದು ಬಾಟಲಿ ಹಿಡಿದುಕೊಳ್ಳಲಾ?" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಚಿಲ್ಲರೆ ದುಡ್ಡು ಇಟ್ಟುಕೊಳ್ಳಿ, ಸಿಗ್ನಲ್ ಇಲ್ಲದ ಕಡೆ ಫೋನಿನಲ್ಲಿ ಕೊಡಲು ಆಗುವುದಿಲ್ಲ.

ಹೊಟ್ಟೆಗೆ ಹೋಬಳಿ ಊರಿನ ಹೋಟೆಲ್ ನಂಬಬಹುದು, ಸಣ್ಣ ಊರಿನಲ್ಲಿ ಹೋಟೆಲ್ ಇದ್ದರೂ ಹತ್ತು ಗಂಟೆಗೆ ಇಡ್ಲಿ ಮುಗಿದಿರುತ್ತದೆ. ಬಾಳೆಹಣ್ಣು, ಕಡಲೆಬೀಜ, ಬೆಲ್ಲ ಜೇಬಿನಲ್ಲಿರಲಿ. ಹಸಿವಾದ ಮೇಲೆ ತಿನ್ನುವುದಲ್ಲ, ಮುಕ್ಕಾಲು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ.

## ಹಂತ 8: ದಾರಿಯ ಅಪಾಯಗಳು

ಒಕ್ಕಣೆ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಗೆ ಹರಡಿರುತ್ತಾರೆ. ಕಾರು ಹತ್ತಿದರೆ ಅವರಿಗೆ ಖುಷಿ, ಸೈಕಲ್ ಹತ್ತಿದರೆ ನಿಮಗೆ ಕಷ್ಟ. ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡು, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರ್ ಮುರಿಯುತ್ತದೆ. ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಜಾರುತ್ತದೆ. ಇಳಿದು ತಳ್ಳಿಕೊಂಡು ದಾಟಿ. ಮೆಕ್ಕೆಜೋಳ ಒಣಗಲು ಹಾಕಿದ ಕಡೆ ಪಕ್ಕದಲ್ಲಿ ಕಲ್ಲು ಜೋಡಿಸಿರುತ್ತಾರೆ, ಸಂಜೆ ಕಾಳು ಎತ್ತಿಕೊಂಡು ಹೋದರೂ ಕಲ್ಲು ಅಲ್ಲೇ ಉಳಿದಿರುತ್ತದೆ.

ನಾಯಿ. ಓಡಿಸಿಕೊಂಡು ತಪ್ಪಿಸಿಕೊಳ್ಳಲು ನೋಡಬೇಡಿ, ಅದಕ್ಕೆ ಬೇಕಾದದ್ದೇ ಅದು. ನಿಧಾನ ಮಾಡಿ, ಇಳಿಯಿರಿ, ಸೈಕಲ್ ನಿಮ್ಮ ಮತ್ತು ನಾಯಿಯ ನಡುವೆ ಇರಲಿ. ಗಟ್ಟಿ ದನಿಯಲ್ಲಿ "ಹಚಾ" ಅನ್ನಿ, ಬಗ್ಗಿ ಕಲ್ಲು ಎತ್ತುವ ಹಾಗೆ ಮಾಡಿ. ನಡೆದುಕೊಂಡು ಮನೆಗಳನ್ನು ದಾಟಿ ಆಮೇಲೆ ಹತ್ತಿ. ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರು, ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು. ಸಾಕಿದ ನಾಯಿ, ಪರವಾಗಿಲ್ಲ ಅನ್ನುವ ಮಾತಿಗೆ ಕಿವಿ ಕೊಡಬೇಡಿ.

ಪಾಚಿ. ಮಳೆಗಾಲದಲ್ಲಿ ತೋಟದ ನೆರಳಿನ ಕಾಂಕ್ರೀಟ್ ರಸ್ತೆ ಸೋಪು ಹಚ್ಚಿದ ಹಾಗೆ. ತಿರುವಿನಲ್ಲಿ ಬ್ರೇಕ್ ಮುಟ್ಟಬೇಡಿ, ತಿರುವಿಗೆ ಮೊದಲೇ ವೇಗ ಇಳಿಸಿ.

ಆನೆ. ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಆಲೂರು, ಸಕಲೇಶಪುರ, ಯಸಳೂರು, ಬೇಲೂರು ತಾಲ್ಲೂಕಿನ ಬಿಕ್ಕೋಡು ಮತ್ತು ಅರೇಹಳ್ಳಿ ಕಡೆ, ಮೂಡಿಗೆರೆ, ಇಲ್ಲೆಲ್ಲ ಕಾಡಾನೆಗಳು ತೋಟಗಳ ಒಳಗೇ ಓಡಾಡುತ್ತವೆ. ರಸ್ತೆ ದಾಟುವುದು ಹೆಚ್ಚಾಗಿ ಸಂಜೆಯಿಂದ ಬೆಳಗಿನವರೆಗೆ. ಬೇಗ ಹೊರಡಿ ಅನ್ನುವ ಸಲಹೆ ಈ ಭಾಗಕ್ಕೆ ತೀರಾ ತಪ್ಪು. ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ನಾಲ್ಕೂವರೆ ಆದ ಮೇಲೆ ತೋಟದ ರಸ್ತೆಯಲ್ಲಿ ಸೈಕಲ್ ಬೇಡ.

ಸೈಕಲ್ಲಿಗೆ ಅಪಾಯ ಹೆಚ್ಚು ಯಾಕೆ ಅಂದರೆ ಅದಕ್ಕೆ ಸದ್ದಿಲ್ಲ. ಜೀಪ್ ಬರುವುದು ಆನೆಗೆ ದೂರದಿಂದ ಕೇಳುತ್ತದೆ, ನೀವು ಬರುವುದು ಕೇಳುವುದಿಲ್ಲ. ಇಳಿಜಾರಿನ ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ಎದುರಾದರೆ ಇಬ್ಬರಿಗೂ ಗಾಬರಿ.

ಹೊರಡುವ ಮೊದಲು ಅಲ್ಲಿನ ಟೀ ಅಂಗಡಿಯಲ್ಲೋ ತೋಟದ ಗೇಟಿನಲ್ಲೋ "ಇವತ್ತು ಆನೆ ಯಾವ ಕಡೆ ಇದೆ?" ಅಂತ ಕೇಳಿ. ವಿಚಿತ್ರ ಪ್ರಶ್ನೆ ಅನ್ನಿಸಬಹುದು, ಅಲ್ಲಿನವರು ದಿನವೂ ಕೇಳುವ ಪ್ರಶ್ನೆ ಅದು. ದಾರಿಯಲ್ಲಿ ಇವುಗಳಲ್ಲಿ ಯಾವುದು ಕಂಡರೂ ನಿಲ್ಲಿ: ಹಸಿ ಲದ್ದಿ, ಹೊಸದಾಗಿ ಮುರಿದ ಬಾಳೆ ಅಥವಾ ಬೈನೆ ಮರ, ಕಿತ್ತು ಬಿದ್ದ ಬೇಲಿ, ಪಟಾಕಿ ಸದ್ದು, ರಸ್ತೆಯಲ್ಲಿ ಗುಂಪಾಗಿ ನಿಂತು ಒಂದೇ ಕಡೆ ನೋಡುತ್ತಿರುವ ಜನ. ಆನೆಯೇ ಕಂಡರೆ ಫೋಟೋ, ಬೆಲ್, ಕೂಗು ಏನೂ ಬೇಡ. ಬಂದ ದಾರಿಯಲ್ಲೇ ತಿರುಗಿ ಹೋಗಿ. ಒಂದು ದಾಟಿತು ಅಂದ ತಕ್ಷಣ ಮುಂದೆ ಹೋಗಬೇಡಿ, ಹಿಂದೆ ಇನ್ನೂ ಇರಬಹುದು. ಅರಣ್ಯ ಇಲಾಖೆಯ ಸಹಾಯವಾಣಿ 1926. ಬೇರೆ ತುರ್ತಿಗೆ 112, ಆಂಬುಲೆನ್ಸಿಗೆ 108.

## ಹಂತ 9: ವಾಪಸ್ ತಿರುಗುವ ಗೆರೆ

ಹೊರಡುವ ಮೊದಲೇ ಒಂದು ಗಂಟೆ ನಿಗದಿ ಮಾಡಿ, ಅಷ್ಟು ಹೊತ್ತಿಗೆ ಅರ್ಧ ದಾರಿ ಆಗಿರದಿದ್ದರೆ ತಿರುಗುವುದು ಅಂತ. ಎರಡನೇ ಟ್ಯೂಬ್ ಬಳಸಿದ ಮೇಲೆ ಮುಂದೆ ಹೋಗಬೇಡಿ, ಹತ್ತಿರದ ಬಸ್ ರಸ್ತೆಗೆ ಬನ್ನಿ. ಬೆವರು ನಿಂತು ಮೈ ಜುಮ್ಮೆಂದರೆ, ತಲೆ ಹಗುರಾದ ಹಾಗೆ ಅನ್ನಿಸಿದರೆ ನೆರಳಿಗೆ ಕೂತು ನೀರು, ಉಪ್ಪು, ಸಕ್ಕರೆ ಕುಡಿಯಿರಿ, ಆ ದಿನಕ್ಕೆ ಸಾಕು. ಮನೆಯಲ್ಲಿ ಯಾರಿಗಾದರೂ ದಾರಿಯ ಲಿಂಕ್ ಕಳಿಸಿ. ಸುಮ್ನೆ ಹಾಸನ ಕಡೆ ಹೋಗ್ತೀನಿ ಅಂದರೆ ಹುಡುಕುವವರಿಗೆ ಏನೂ ಸಿಗುವುದಿಲ್ಲ.

## ಮೊದಲ ಸಲಕ್ಕೆ ಯಾವ ಸುತ್ತು?

ನನ್ನನ್ನು ಕೇಳಿದರೆ ಹಳೇಬೀಡಿನಿಂದ ಬೆಳವಾಡಿ ಕಡೆ. ಎರಡೂ ಊರಿನ ನಡುವೆ ಸುಮಾರು 10ರಿಂದ 12 ಕಿಲೋಮೀಟರ್. ಏರು ಹದವಾಗಿದೆ, ಕೆರೆಗಳಿವೆ, ಎರಡೂ ಕಡೆ ಹೊಯ್ಸಳರ ಗುಡಿ ಇರುವುದರಿಂದ ನಿಲ್ಲಲು, ನೀರಿಗೆ, ಕಾಫಿಗೆ ತೊಂದರೆಯಿಲ್ಲ. ಹಳೇಬೀಡಿನಲ್ಲಿ ಕಾರು ನಿಲ್ಲಿಸಿ, ಟೂರಿಸ್ಟ್ ಬಸ್ಸುಗಳು ಬರುವ ಮೊದಲೇ ಸೈಕಲ್ ಹತ್ತಿ. ಹೋಗುವಾಗ ನೇರ ರಸ್ತೆ ಹಿಡಿಯಿರಿ. ಬೆಳವಾಡಿ ಇರುವುದು ಚಿಕ್ಕಮಗಳೂರು ಜಾವಗಲ್ ರಸ್ತೆಯಲ್ಲಿ, ಆ ರಸ್ತೆಯಲ್ಲಿ ವಾಹನ ಸ್ವಲ್ಪ ಜಾಸ್ತಿ, ಅದರಲ್ಲಿ ದೂರ ಹೋಗಬೇಡಿ. ಬರುವಾಗ ಎರಡನೇ ಹಂತದಲ್ಲಿ ಹೇಳಿದ ಹಾಗೆ ಮನೆಯಲ್ಲೇ ಎಳೆದ ಊರೊಳಗಿನ ಬೇರೆ ದಾರಿ ಹಿಡಿದು ಸುತ್ತು ಹೊಡೆಯಿರಿ. ದಾರಿ ತಪ್ಪಿದರೂ ಹತ್ತು ಕಿಲೋಮೀಟರ್ ಒಳಗೆ ಒಂದು ಮುಖ್ಯರಸ್ತೆ ಸಿಕ್ಕೇ ಸಿಗುತ್ತದೆ.

ಹಾಸನದವರಿಗೆ ಇನ್ನೂ ಹತ್ತಿರ ಬೇಕಾದರೆ ಅರಸೀಕೆರೆ ರಸ್ತೆಯಿಂದ ಕೋರವಂಗಲಕ್ಕೆ ಒಳಗೆ ತಿರುಗಿ ದುದ್ದದ ಸುತ್ತಿನ ಊರುಗಳನ್ನು ನೋಡಿ, ಇಲ್ಲಾ ದಕ್ಷಿಣಕ್ಕೆ ಮೊಸಳೆ ಕಡೆ. ಚಿಕ್ಕಮಗಳೂರಿನವರು ಬೆಟ್ಟಕ್ಕೆ ಬೆನ್ನು ಹಾಕಿ ಮರ್ಲೆ ಕಡೆ, ಅಥವಾ ಸಖರಾಯಪಟ್ಟಣದ ಅಯ್ಯನಕೆರೆ ಕಡೆಯ ಒಳದಾರಿಗಳನ್ನು ಹುಡುಕಿ. ಶೆಟ್ಟಿಹಳ್ಳಿಯ ಮುಳುಗುವ ಚರ್ಚ್ ಎಲ್ಲರಿಗೂ ಇಷ್ಟದ ಜಾಗ, ಆದರೆ ಭಾನುವಾರ ಅಲ್ಲಿ ಬೈಕುಗಳ ಸಾಲು. ವಾರದ ನಡುವೆ ರಜ ಸಿಕ್ಕರೆ ಅಲ್ಲಿಗೆ ಹೋಗಿ, ನೀರು ಇಳಿದಿರುವಾಗ ಹಿನ್ನೀರಿನ ಕೆಸರಿಗೆ ಸೈಕಲ್ ಇಳಿಸಬೇಡಿ. ಕೆಸರು ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಮೊಣಕಾಲುದ್ದ ಹಸಿಯಾಗೇ ಇರುತ್ತದೆ.